ನನ್ನ ಮಗ ಇನ್ನೂ ಓದ್ತಾ ಇದಾನೆ

ಕಳೆದ ಗೌರಿ ಹಬ್ಬದ ದಿನ ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರುವ ಹೆಣ್ಣುಮಗಳು ಅರಿಶಿನ ಕುಂಕುಮಕ್ಕೆಂದು ನಮ್ಮ ಮನೆಗೆ ಬಂದಿದ್ದಳು. ತಾಂಬೂಲ ತಗೊಳ್ಳುತ್ತಾ ನಮ್ಮಮ್ಮನನ್ನು "ನಿಮ್ಮ ಮಗ ಏನ್ಮಾಡ್ತಾರೆ ಅಜ್ಜಿ?" ಎಂದು ಕೇಳಿದಳು. ಅಮ್ಮನಿಗೆ 81 ವರ್ಷ, ಸುಳ್ಳು ಹೇಳಿ ಅಭ್ಯಾಸವಿಲ್ಲ. "ಓದ್ತಾ ಇದಾನಮ್ಮ, ಇನ್ನೂ ಮುಗಿದಿಲ್ಲ" ಎಂದಳು.

ಪಾಪ, ಆ ಹೆಣ್ಣುಮಗಳು ಯಾವುದೋ ಮೆಡಿಕಲ್ ಹುಡುಗನನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡಿರಬೇಕು. ಹೊರಗೆ ಬಂದಾಗ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಬಗ್ಗಿ, ಬೆನ್ನಿಗೆ ಬ್ಯಾಗು ಹಾಕಿಕೊಂಡು, ಏದುಸಿರು ಬಿಡುತ್ತಾ ಶೂ ಲೇಸು ಕಟ್ಟುತ್ತಿದ್ದ ಬೋಳುತಲೆಯ ನನ್ನನ್ನು ಕಂಡಳು. "ನಮಸ್ಕಾರ ಅಂಕಲ್. ಮಗನಿಗೆ ಆಲ್ ದಿ ಬೆಸ್ಟ್ ಹೇಳಿ" ಎಂದು ಹೊರಟುಹೋದಳು. ಹೇಳುತ್ತೇನೆ ಎಂದೆ. ಕ್ಲಾಸಿಗೆ ಹೊತ್ತಾಗಿತ್ತು.

ನನಗೆ 53 ವರ್ಷ. 28 ವರ್ಷ ಒಂದು ಬ್ಯಾಂಕಿನ ಕೌಂಟರಿನ ಹಿಂದೆ ಕೂತು, ಸ್ವಯಂ ನಿವೃತ್ತಿ ತಗೊಂಡವನು. ಇದುವರೆಗೆ ಕಂಪ್ಯೂಟರ್ ಭಾಷೆಗಳ ಕೋರ್ಸುಗಳಿಗೆ ಮೂರು ಸಲ ಸೇರಿದ್ದೇನೆ. 'ಕಲಿತಿದ್ದೇನೆ' ಎಂದು ಬರೆಯಲಿಲ್ಲ, ಗಮನಿಸಿ. ಕಲಿಯುವುದು ಬೇರೆ, ಸೇರುವುದು ಬೇರೆ. ನನಗೆ ಸೇರುವುದು ಬಹಳ ಚೆನ್ನಾಗಿ ಬರುತ್ತದೆ. ಫೀಸು ಕಟ್ಟಿ ರಸೀದಿ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿಯುವಾಗ, ಅರ್ಧ ವಿದ್ಯೆ ಆಗಲೇ ತಲೆಗೆ ಹತ್ತಿದ ಹಾಗೆ ಹಗುರವಾಗುತ್ತದೆ. ಉಳಿದರ್ಧ ಹತ್ತುವುದೇ ಇಲ್ಲ ಎನ್ನುವುದು ಬೇರೆ ಮಾತು.

ಮೊದಲನೆಯದು 1999ರಲ್ಲಿ. ಆಗ ನನಗೆ ಮದುವೆಯಾಗಿ ಒಂದು ವರ್ಷ. ಬೆಂಗಳೂರಿನಲ್ಲಿ ಆ ವರ್ಷ ಯಾರ ಬಾಯಲ್ಲಿ ಕೇಳಿದರೂ ವೈಟುಕೆ. ಹಳೆಯ ಕಾಲದ ಪ್ರೋಗ್ರಾಮುಗಳನ್ನು ಬರೆದವರು ಇಸವಿಗೆ ಎರಡೇ ಅಂಕಿಯ ಜಾಗ ಕೊಟ್ಟು ಕೈತೊಳೆದುಕೊಂಡಿದ್ದರು. 99 ಆದಮೇಲೆ 00 ಬಂದರೆ ಕಂಪ್ಯೂಟರು ಅದನ್ನು 1900 ಎಂದುಕೊಂಡು ಬಡ್ಡಿ, ಪೆನ್ಷನ್ ಎಲ್ಲ ಅಡಿಮೇಲು ಮಾಡುತ್ತದೆ ಎಂಬ ಭಯ. ಆ ಪ್ರೋಗ್ರಾಮುಗಳಲ್ಲಿ ಬಹುಪಾಲು ಕೋಬಾಲ್ ಎಂಬ 1959ರ ಭಾಷೆಯಲ್ಲಿದ್ದವು. ಅಮೆರಿಕದವರಿಗೆ ಅದನ್ನು ತಿದ್ದುವ ಕೈಗಳು ಬೇಕಾಗಿದ್ದವು. ನಮ್ಮ ಬೀದಿಯ ಮೂವರು ಹುಡುಗರು ಆರು ತಿಂಗಳ ಕೋಬಾಲ್ ಕಲಿತು ವಿಮಾನ ಹತ್ತಿದ್ದರು. ನನಗೂ ಎರಡು ಕೈ ಇತ್ತು.

ತಿಪಟೂರಿನಲ್ಲಿದ್ದ ಅಪ್ಪನಿಗೆ ಫೋನು ಮಾಡಿ, ಕೋಬಾಲ್ ಕಲಿಯುತ್ತೇನೆ ಎಂದೆ. ಅಪ್ಪನದು ಜೀವಮಾನವೆಲ್ಲ ಕೊಬ್ಬರಿ ಮಂಡಿಯ ವ್ಯವಹಾರ. ಆಗಿನ ಎಸ್‌ಟಿಡಿ ಲೈನಿನ ಗರಗರದಲ್ಲಿ ಅವರಿಗೆ ಕೇಳಿಸಬೇಕಾದ್ದೇ ಕೇಳಿಸಿತು. "ಕೊಬ್ರಿ ಕಲಿಯೋಕೆ ಬೆಂಗಳೂರಲ್ಲಿ ದುಡ್ಡು ಕಟ್ಟಬೇಕೇನೋ? ಇಲ್ಲಿ ಬಂದು ನನ್ನ ಜೊತೆ ಕೂತ್ಕೋ, ಬಿಟ್ಟಿ ಕಲಿಸ್ತೀನಿ" ಎಂದರು. ಕೊನೆಯವರೆಗೂ ಅವರು ಹಾಗೇ ತಿಳಿದುಕೊಂಡಿದ್ದರು. ಊರಿನಲ್ಲಿ ಯಾರಾದರೂ ಕೇಳಿದರೆ, "ನಮ್ಮೋನು ಬ್ಯಾಂಕಲ್ಲಿದಾನೆ, ಸೈಡಲ್ಲಿ ಕೊಬ್ರಿ ನೋಡ್ಕೋತಾನೆ" ಎಂದು ಹೆಮ್ಮೆಯಿಂದ ಹೇಳುತ್ತಿದ್ದರಂತೆ.

ಫೀಸು 18,000 ರೂಪಾಯಿ. ನಮ್ಮ ಮನೆಯಲ್ಲಿ ಆಗ ಅಷ್ಟು ದುಡ್ಡು ಒಂದೇ ಕಡೆ ಇತ್ತು: ಫ್ರಿಜ್ಜು ತಗೊಳ್ಳೋಣ ಎಂದು ನನ್ನಾಕೆ ಕೂಡಿಟ್ಟಿದ್ದ ಡಬ್ಬಿಯಲ್ಲಿ. ಅಮೆರಿಕಕ್ಕೆ ಹೋದಮೇಲೆ ಎರಡು ಬಾಗಿಲಿನ ಫ್ರಿಜ್ಜನ್ನೇ ತಗೊಳ್ಳೋಣ ಎಂದು ಸಮಾಧಾನ ಹೇಳಿ ಕಟ್ಟಿದೆ. ಕ್ಲಾಸಿನಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಏಸಿ ಕೋಣೆ, ಪರದೆ, ಪಿಸುಮಾತು, ಹೆಚ್ಚುಕಮ್ಮಿ ಗರ್ಭಗುಡಿ. ಕೋಬಾಲಿನಲ್ಲಿ ಏನು ಬರೆಯುವುದಾದರೂ ನಾಲ್ಕು ಡಿವಿಷನ್‌ಗಳನ್ನು ದಾಟಿಕೊಂಡೇ ಬರಬೇಕು: ನೀನು ಯಾರು, ಎಲ್ಲಿಂದ ಬಂದೆ, ಏನೇನು ತಂದಿದ್ದೀಯ, ಈಗ ಏನು ಮಾಡಬೇಕೆಂದಿದ್ದೀಯ. ತಾಲ್ಲೂಕು ಕಚೇರಿಯಲ್ಲಿ ಪಹಣಿ ಕೇಳಿದ ಅನುಭವವಿದ್ದವರಿಗೆ ಹೊಸದೇನಲ್ಲ. ಬರೆಯುವುದೂ ಸಿಕ್ಕಲ್ಲಿಂದ ಅಲ್ಲ, ಕೆಲವು ಎಂಟನೇ ಕಾಲಮ್ಮಿನಿಂದ, ಕೆಲವು ಹನ್ನೆರಡನೇ ಕಾಲಮ್ಮಿನಿಂದ. ಕೊನೆಯಲ್ಲಿ ಒಂದು ಪೂರ್ಣವಿರಾಮ ಮರೆತರೆ ಮುಂದಿನ ಸಾಲುಗಳೆಲ್ಲ ಸರಣಿಯಾಗಿ ಮುಗ್ಗರಿಸುತ್ತವೆ. ನಾನು ಪೂರ್ಣವಿರಾಮ ಮರೆಯುತ್ತಿದ್ದೆ. ಮಾತಿನಲ್ಲೂ ಅದು ನನಗೆ ಬರುವುದಿಲ್ಲ ಎಂದು ಮನೆಯವರ ದೂರು.

ನನ್ನ ಕೋರ್ಸು ಮುಗಿದದ್ದು 2000ದ ಮಾರ್ಚಿನಲ್ಲಿ. ಜನವರಿ 1ನೇ ತಾರೀಕು ಪ್ರಪಂಚ ಮುಳುಗದೆ ಸುಮ್ಮನೆ ಕಳೆದುಹೋಗಿತ್ತು. ತಿದ್ದಬೇಕಾದವರು ತಿದ್ದಿ ಮುಗಿಸಿದ್ದರು. ಮುಗಿದ ಮದುವೆಯ ಛತ್ರಕ್ಕೆ ಉಡುಗೊರೆ ಹಿಡಿದುಕೊಂಡು ಹೋದವನ ಹಾಗೆ ಸರ್ಟಿಫಿಕೇಟು ಹಿಡಿದು ನಿಂತೆ. ಅದೇ ತಿಂಗಳು ಅಮೆರಿಕದ ನಾಸ್ಡ್ಯಾಕ್ ಷೇರುಪೇಟೆ ಶಿಖರ ಮುಟ್ಟಿ ಉರುಳಲು ಶುರುವಾಯಿತು. ವಿಮಾನ ಹತ್ತಿದವರಲ್ಲಿ ಒಬ್ಬ ವಾಪಸು ಬಂದ. ನಮ್ಮ ಮನೆಗೆ ಫ್ರಿಜ್ಜು ಬಂದದ್ದು 2002ರಲ್ಲಿ, ಒಂದು ಬಾಗಿಲಿನದು. ಅದಕ್ಕೆ ಇವತ್ತಿಗೂ ಮನೆಯಲ್ಲಿ 'ಕೋಬಾಲ್ ಫ್ರಿಜ್' ಎಂದೇ ಹೆಸರು. ಸರ್ಟಿಫಿಕೇಟಿಗೆ ಅಮ್ಮ ಲ್ಯಾಮಿನೇಷನ್ ಮಾಡಿಸಿ ಬೀರುವಿನಲ್ಲಿ ಎಲ್ಐಸಿ ಬಾಂಡುಗಳ ಕೆಳಗೆ ಇಟ್ಟಳು.

ಕೋಬಾಲ್ ಸತ್ತಿತು ಎಂದು ಮಾತ್ರ ತಿಳಿಯಬೇಡಿ. ಅದು ಈಗಲೂ ಎಷ್ಟೋ ಬ್ಯಾಂಕುಗಳ ಹೊಟ್ಟೆಯೊಳಗೆ ಅಜ್ಜನ ಕಾಲದ ಕಬ್ಬಿಣದ ತೊಲೆಯ ಹಾಗೆ ಭಾರ ಹೊತ್ತು ನಿಂತಿದೆ. 2020ರ ಏಪ್ರಿಲ್‌ನಲ್ಲಿ, ಕೊರೋನಾದಿಂದ ಕೆಲಸ ಕಳೆದುಕೊಂಡವರ ಅರ್ಜಿಗಳ ಭಾರಕ್ಕೆ ಅಮೆರಿಕದ ನ್ಯೂಜೆರ್ಸಿಯ ಹಳೆಯ ಕಂಪ್ಯೂಟರುಗಳು ಕುಸಿಯುವಂತಾದಾಗ, ಅಲ್ಲಿಯ ಗವರ್ನರ್ ಕೋಬಾಲ್ ಬಲ್ಲವರು ಸ್ವಯಂಸೇವೆಗೆ ಬನ್ನಿ ಎಂದು ಬಹಿರಂಗವಾಗಿ ಕರೆಕೊಟ್ಟರು. ನಾನು ಟಿವಿ ಮುಂದೆ ಎದ್ದು ನಿಂತೆ. "ನೋಡಿದ್ಯಾ? ಅಮೆರಿಕ ಕರೀತಾ ಇದೆ!" ಎಂದೆ. ಲಾಕ್‌ಡೌನ್ ಕಾಲ. ನನ್ನಾಕೆ ಚೀಲ ಕೈಗಿಟ್ಟು, "ಮೊದಲು ಮೂಲೆ ಅಂಗಡೀವರೆಗೆ ಹೋಗಿ ಪೊಲೀಸರ ಕೈಗೆ ಸಿಗದೆ ಕೊತ್ತಂಬರಿ ತನ್ನಿ. ಆಮೇಲೆ ನ್ಯೂಜೆರ್ಸಿ" ಎಂದಳು.

ಎರಡನೆಯ ಕೋರ್ಸು ಫ್ಲ್ಯಾಶ್. ವೆಬ್ ಪುಟಗಳಲ್ಲಿ ಚಿತ್ರಗಳನ್ನು ಕುಣಿಸುವ ವಿದ್ಯೆ. 2010ರಲ್ಲಿ, ಭಾನುವಾರದ ಬ್ಯಾಚು. ನಾನು ಸೇರಿದ ತಿಂಗಳೇ ಆಪಲ್‌ನ ಸ್ಟೀವ್ ಜಾಬ್ಸ್, ನಮ್ಮ ಐಫೋನಿಗೆ ಫ್ಲ್ಯಾಶ್ ಬೇಡ ಎಂದು ಜಗತ್ತಿಗೆಲ್ಲ ಓಲೆ ಬರೆದುಬಿಟ್ಟರು. ಆದರೂ ಛಲ ಬಿಡದೆ, ಮಗಳ ಹುಟ್ಟುಹಬ್ಬಕ್ಕೆಂದು ಸೊಂಡಿಲೆತ್ತಿ ಕುಣಿಯುವ ಆನೆಯೊಂದನ್ನು ಮಾಡಿದೆ. ಆನೆ ಎರಡು ಹೆಜ್ಜೆ ಹಾಕಿ, ಸೊಂಡಿಲೆತ್ತಿ, ಬಲೂನು ಬಿಡಬೇಕು. ಬಲೂನು ಸೊಂಡಿಲಿನ ಬದಲು ಹಿಂಭಾಗದಿಂದ ಹೊರಟಿತು. ಮಗಳು ನಕ್ಕೂ ನಕ್ಕೂ ಬಿದ್ದಳು. ಅದನ್ನು ನಾನು ತಿದ್ದಲಿಲ್ಲ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿ ಫ್ಲ್ಯಾಶಿಗೆ ಎಳ್ಳುನೀರು ಬಿಟ್ಟಿತು. ಆನೆಯ ಸಿಡಿ ಇನ್ನೂ ಬೀರುವಿನಲ್ಲಿದೆ. ಸಿಡಿ ಹಾಕುವ ಡಬ್ಬಿಯೂ ಈಗಿನ ಲ್ಯಾಪ್‌ಟಾಪಿಗಿಲ್ಲ, ಆನೆಯನ್ನು ಕುಣಿಸುವ ಬ್ರೌಸರೂ ಇಲ್ಲ.

ಹೀಗೆ ನೆಂಟರಿಷ್ಟರಲ್ಲಿ ನನ್ನ ಕಾಲ್ಗುಣದ ಬಗ್ಗೆ ಒಂದು ಅಭಿಪ್ರಾಯ ಬೆಳೆಯಿತು. ಜಾವಾ ಬರೆದು ಹೊಟ್ಟೆ ಹೊರೆಯುವ ನನ್ನ ಭಾವಮೈದ ವೈಟ್‌ಫೀಲ್ಡಿನಲ್ಲಿದ್ದಾನೆ. ಮೂರನೇ ಕೋರ್ಸಿನ ಸುದ್ದಿ ತಿಳಿದ ಸಂಜೆಯೇ ಹಣ್ಣು, ಹೂವು ಹಿಡಿದುಕೊಂಡು ಮನೆಗೆ ಬಂದ. "ಭಾವ, ನೀವು ಏನು ಬೇಕಾದ್ರೂ ಕಲೀರಿ. ಜಾವಾ ಒಂದನ್ನ ಮುಟ್ಟಬೇಡಿ. ಇನ್ನೂ ಹನ್ನೊಂದು ವರ್ಷ ಇಎಂಐ ಇದೆ" ಎಂದ.

ಅದು ಜಾವಾ ಅಲ್ಲ, ಜಾವಾಸ್ಕ್ರಿಪ್ಟ್ ಎಂದು ಅವನಿಗೆ ಧೈರ್ಯ ಹೇಳಿದೆ. ಎರಡಕ್ಕೂ ಮಾವನಿಗೂ ಮಾವಿನಕಾಯಿಗೂ ಇರುವಷ್ಟೇ ನಂಟು.

ಮೂರನೆಯದಕ್ಕೆ ಸೇರಿದ ಕಾರಣ ನನ್ನಾಕೆಯ ಹಪ್ಪಳ. ಅವಳ ತವರು ತೀರ್ಥಹಳ್ಳಿ ಕಡೆ. ನಾಲ್ಕೈದು ವರ್ಷದಿಂದ ಹಲಸಿನಕಾಯಿ ಹಪ್ಪಳ, ಚಟ್ನಿಪುಡಿ ಮಾಡಿ ಪರಿಚಯದವರಿಗೆ ಮಾರುತ್ತಾಳೆ. ಒಂದು ದಿನ, "ಎಲ್ಲರೂ ರೇಟು ಕೇಳಿ ಕೇಳಿ ಫೋನ್ ಮಾಡ್ತಾರೆ ಕಣ್ರೀ. ಒಂದು ಪುಟ. ರೇಟು, ಫೋನ್ ನಂಬರು, ಹಪ್ಪಳದ ಫೋಟೋ. ಅಷ್ಟು ಮಾಡಿಸಿಕೊಡಿ ಯಾರ ಹತ್ತಿರಾನಾದ್ರೂ" ಎಂದಳು. 'ಯಾರ ಹತ್ತಿರಾನಾದ್ರೂ' ಎಂಬ ಮಾತು ನನ್ನ ಎದೆಗೆ ನಾಟಿತು. ಮೂರನೇ ದಿನ ಜಯನಗರದಲ್ಲಿ ಒಂದು ಮಹಡಿ ಹತ್ತಿ, ಆರು ತಿಂಗಳ ಫುಲ್ ಸ್ಟ್ಯಾಕ್ ವೆಬ್ ಡೆವಲಪ್‌ಮೆಂಟ್ ಕೋರ್ಸಿಗೆ 45,000 ರೂಪಾಯಿ ಕಟ್ಟಿ ಬಂದೆ. ಎರಡೇ ಸೀಟು ಉಳಿದಿದೆ ಎಂದು ಕೌನ್ಸೆಲರ್ ಹುಡುಗಿ ಹೇಳಿದ್ದಳು. ನಾನು ಸೇರಿದಮೇಲೂ ಎರಡೇ ಉಳಿದಿತ್ತು. ಆರನೇ ತಿಂಗಳಿನಲ್ಲಿಯೂ ಎರಡು ಉಳಿದಿತ್ತು. ದ್ರೌಪದಿಯ ಅಕ್ಷಯಪಾತ್ರೆಯನ್ನು ಅದರ ಎದುರು ನಿವಾಳಿಸಿ ಒಗೆಯಬೇಕು.

ಮನೆಯಲ್ಲಿ ದೊಡ್ಡ ಗಲಾಟೆ ನಿರೀಕ್ಷಿಸಿದ್ದೆ. ನನ್ನಾಕೆ, "ಎಷ್ಟು ಹೊತ್ತಿನ ಕ್ಲಾಸು?" ಎಂದಳು. ದಿನಾ ಹೋಗಿ ಬರುವುದು ಸೇರಿ ನಾಲ್ಕು ಗಂಟೆ ಎಂದೆ. ತಟ್ಟನೆ ಒಪ್ಪಿದಳು. ಅನುಮಾನ ಬಂದು ಆಮೇಲೆ ಕೇಳಿದರೆ, "ನಿವೃತ್ತಿ ಆದಾಗಿಂದ ಅಡುಗೆಮನೆ ಬಾಗಿಲಲ್ಲಿ ನಿಂತು ಸಾಸಿವೆ ಸಿಡೀತು, ಉರಿ ಸಣ್ಣ ಮಾಡು ಅಂತ ಹೇಳ್ತಾನೇ ಇದೀರಿ. 45 ಸಾವಿರವನ್ನ ಆರರಿಂದ ಭಾಗಿಸಿದೆ. ತಿಂಗಳಿಗೆ ಏಳೂವರೆ ಸಾವಿರ. ಅಡುಗೆಮನೆ ಬಾಡಿಗೆ ಅಂದ್ಕೊಂಡೆ" ಎಂದಳು.

ಮೊದಲ ದಿನ ಬಾಗಿಲಲ್ಲೇ ಸ್ವಾಗತ. "ಸಾರ್, ಪೇರೆಂಟ್ಸ್ ಎಲ್ಲಾ ಅಲ್ಲಿ ಸೋಫಾ ಮೇಲೆ ಕೂತ್ಕೊಳ್ಳಿ." ಒಳಗೆ ಮೂವತ್ತು ಹುಡುಗ ಹುಡುಗಿಯರು, ಹೆಚ್ಚಿನವರು ಹಾವೇರಿ, ಕಲಬುರಗಿ, ಚಿತ್ರದುರ್ಗ ಕಡೆಯಿಂದ ಬಂದು ಪಿಜಿಗಳಲ್ಲಿರುವವರು. ಪಾಠ ಮಾಡುವವನಿಗೆ ಇಪ್ಪತ್ತೈದು ದಾಟಿರಲಿಲ್ಲ. ಅವನು ಗುರು ಎಂದು ನಾನು ಸಾರ್ ಎಂದೆ. ನಾನು ಹಿರಿಯ ಎಂದು ಅವನೂ ಸಾರ್ ಎಂದ. "ಹೇಳಿ ಸಾರ್", "ಇಲ್ಲ ನೀವು ಹೇಳಿ ಸಾರ್" ಎಂದು ಆರು ತಿಂಗಳು ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡೇ ಕಳೆದೆವು.

ವೆಬ್ ಪುಟ ಕಟ್ಟುವ ಎಚ್‌ಟಿಎಂಎಲ್ ನನಗೆ ಕಷ್ಟವಾಗಲಿಲ್ಲ. ತೆರೆದದ್ದನ್ನು ಮುಚ್ಚಬೇಕು, ಒಳಗಿನದನ್ನು ಮೊದಲು ಮುಚ್ಚಬೇಕು, ಡಬ್ಬಿಯೊಳಗೆ ಡಬ್ಬಿ. ಇದನ್ನು ಮನೆಯಲ್ಲಿ ವಿವರಿಸಿದಾಗ ನನ್ನಾಕೆ ಅಡುಗೆಕಟ್ಟೆಯ ಮೇಲೆ ಬಾಯಿ ತೆರೆದು ಕೂತಿದ್ದ ಕಾಫಿಪುಡಿ ಡಬ್ಬಿಯ ಕಡೆ ನೋಡಿದಳೇ ಹೊರತು ಏನೂ ಅನ್ನಲಿಲ್ಲ.

ಎಡವಿದ್ದು ಸಿಎಸ್ಎಸ್‌ನಲ್ಲಿ. ಪುಟಕ್ಕೆ ಬಣ್ಣ, ಅಂದಚಂದ ಕೊಡುವ ಭಾಷೆ ಅದು. ಶೀರ್ಷಿಕೆಗೆ ಕೆಂಪು ಬಣ್ಣ ಬಳಿಯಬೇಕಿತ್ತು. ಬರೆದೆ, ಬಣ್ಣ ಬರಲಿಲ್ಲ. ಬ್ರೌಸರ್ ಬದಲಿಸಿದೆ, ಲ್ಯಾಪ್‌ಟಾಪ್ ಆರಿಸಿ ಹಚ್ಚಿದೆ, ಮೂರು ಸಂಜೆ ಹೋಯಿತು. ನಾಲ್ಕನೇ ದಿನ ಹಾವೇರಿಯ ಹುಡುಗ ಬಗ್ಗಿ ನೋಡಿ, "ಅಂಕಲ್, ಕಲರ್ ಸ್ಪೆಲ್ಲಿಂಗಿನ್ಯಾಗ ಯು ಯಾಕ್ ಹಾಕೀರಿ?" ಎಂದ. ಯಾಕೆ ಹಾಕಿದೆ ಎಂದರೆ, ತಿಪಟೂರಿನ ಹೈಸ್ಕೂಲಿನಲ್ಲಿ ಆ 'ಯು' ಬಿಟ್ಟದ್ದಕ್ಕೆ ಇಂಗ್ಲಿಷ್ ಮೇಷ್ಟರು ಬೆರಳ ಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆದು, ಐವತ್ತು ಸಲ ಬರೆಸಿದ್ದರು. ನಲವತ್ತು ವರ್ಷ ಜತನದಿಂದ ಕಾಪಾಡಿಕೊಂಡು ಬಂದ ಅಕ್ಷರ. ಅಮೆರಿಕದವರಿಗೆ ಅದು ಬೇಡವಂತೆ.

ಸಿಎಸ್ಎಸ್‌ನ ಗುಣವೇ ಅದು. ತಪ್ಪು ಬರೆದರೆ ತಪ್ಪು ಎಂದು ಹೇಳುವುದಿಲ್ಲ. ಅರ್ಥವಾಗದ ಸಾಲನ್ನು ಬಿಟ್ಟು, ಏನೂ ಆಗದವರ ಹಾಗೆ ಮುಂದಿನ ಸಾಲಿಗೆ ಹೋಗುತ್ತದೆ. ಇಂಥ ವಿಚಿತ್ರ ಉಂಟೇ ಎಂದು ಮನೆಯಲ್ಲಿ ಬೇಸರ ತೋಡಿಕೊಂಡೆ. "ಉಂಟು" ಎಂದಳು ನನ್ನಾಕೆ. "ಸೋಮವಾರ ಗ್ಯಾಸ್ ಬುಕ್ ಮಾಡಿ ಅಂದೆ. ಮಂಗಳವಾರ ನಲ್ಲಿ ರಿಪೇರಿ ಅಂದೆ. ಬುಧವಾರ ಅಕ್ಕನ ಮಗಳ ಸೀಮಂತಕ್ಕೆ ಟಿಕೆಟ್ ಅಂದೆ. ನೀವು ಏನಾದ್ರೂ ತಪ್ಪು ಅಂತ ಹೇಳಿದ್ರಾ? ಇಲ್ಲ. ಸುಮ್ಮನೆ ಮುಂದಿನ ಸಾಲಿಗೆ ಹೋದ್ರಿ."

ಸಿಎಸ್ಎಸ್‌ನಲ್ಲಿ ಅಂಕಿಗಳಲ್ಲದೆ ಹೆಸರು ಹಿಡಿದು ಕರೆಯಬಹುದಾದ ಬಣ್ಣಗಳೇ ನೂರನಲವತ್ತಕ್ಕೂ ಹೆಚ್ಚಿವೆ: ಟೊಮ್ಯಾಟೊ, ಚಾಕೊಲೇಟ್, ಪಪಾಯವಿಪ್. ಹಪ್ಪಳದ ಪುಟದ ಹಿನ್ನೆಲೆಗೆ ಯಾವುದು ಎಂದು ಒಂದು ಭಾನುವಾರ ಮನೆಮಂದಿಯೆಲ್ಲ ಕೂತೆವು. ಗೋಧಿ ಬಣ್ಣ, ಹೆಸರೂ 'ವೀಟ್', ನನಗೆ ಹಿಡಿಸಿತು. "ಹಲಸಿನ ಹಪ್ಪಳಕ್ಕೆ ಗೋಧಿ ಹಾಕಿದೀನಿ ಅಂತ ನೀವೇ ಊರಿಗೆಲ್ಲ ಸಾರಿ" ಎಂದು ನನ್ನಾಕೆ ತಳ್ಳಿಹಾಕಿದಳು. ಕರಿದ ಹಪ್ಪಳದ ಬಣ್ಣವೋ, ಕರಿಯದ್ದರ ಬಣ್ಣವೋ ಎಂದು ಅಮ್ಮ ಕೇಳಿದಳು. ಅಲ್ಲಿಗೆ ಸಭೆ ಬರಖಾಸ್ತಾಯಿತು.

ಆ ಪಟ್ಟಿಯಲ್ಲಿ ಒಂದು ನೇರಳೆ ಇದೆ, 'ರೆಬೆಕ್ಕಾ ಪರ್ಪಲ್'. ಸಿಎಸ್ಎಸ್ ಬಗ್ಗೆ ಎಷ್ಟೋ ಜನಕ್ಕೆ ಪಾಠ ಹೇಳಿದ ಎರಿಕ್ ಮೇಯರ್ ಎಂಬಾತನ ಮಗಳ ಹೆಸರು ಅದು. ಅವಳು 2014ರಲ್ಲಿ ತನ್ನ ಆರನೇ ಹುಟ್ಟುಹಬ್ಬದ ದಿನವೇ ತೀರಿಕೊಂಡಳು. ಮುದ್ದಿನ ಹೆಸರು ಬೆಕ್ಕಾ. ಆರು ತುಂಬಿದಮೇಲೆ ನಾನು ದೊಡ್ಡವಳು, ಆಗ ರೆಬೆಕ್ಕಾ ಎಂದೇ ಕರೆಯಬೇಕು ಎಂದಿದ್ದಳಂತೆ. ಅದಕ್ಕೇ ಬಣ್ಣಕ್ಕೆ ಪೂರ್ತಿ ಹೆಸರು. ಪಾಠದ ನಡುವೆ ಗುರು ಇದನ್ನು ಹೇಳಿ, ಒಂದು ಕ್ಷಣ ಸುಮ್ಮನಾಗಿ, ಸರಿ ಮುಂದಿನ ಸ್ಲೈಡ್ ಎಂದ. ಆರು ತಿಂಗಳ ಪಾಠದಲ್ಲಿ ನಾನು ಒಂದು ಸಲ ಕೇಳಿ ಮರೆಯದೇ ಉಳಿದದ್ದು ಇದೊಂದೇ. ನಮ್ಮ ಪುಟದ ಶೀರ್ಷಿಕೆ ಕೆಂಪಿನಿಂದ ನೇರಳೆಗೆ ತಿರುಗಿತು. ಯಾಕೆ ಎಂದು ಯಾರೂ ಕೇಳಲಿಲ್ಲ.

ಆಮೇಲೆ ಜಾವಾಸ್ಕ್ರಿಪ್ಟ್. ಇದನ್ನು ಬ್ರೆಂಡನ್ ಐಕ್ ಎಂಬ ಪುಣ್ಯಾತ್ಮ 1995ರ ಮೇ ತಿಂಗಳಲ್ಲಿ, ನೆಟ್‌ಸ್ಕೇಪ್ ಕಂಪನಿಯಲ್ಲಿ ಕೂತು, ಹತ್ತೇ ದಿನದಲ್ಲಿ ಕಟ್ಟಿದನಂತೆ. ಒಬ್ಬ ಹತ್ತು ದಿನದಲ್ಲಿ ಮಾಡಿದ್ದನ್ನು ನಾನು ಮೂರು ತಿಂಗಳಾದರೂ ಕಲಿಯಲಾರದೆ ಒದ್ದಾಡುತ್ತಿದ್ದೆ. ಮನೆಯಲ್ಲಿ ಇದನ್ನು ಹೇಳಿದಾಗ ನನ್ನಾಕೆ ನನ್ನ ಪರವಾಗಿ ನಿಂತಳು, ಅಪರೂಪಕ್ಕೆ. "ಹತ್ತು ದಿನಾನಾ? ಅದಕ್ಕೇ ಹಾಗಿದೆ. ಮಾವಿನಮಿಡಿಗೆ ಉಪ್ಪು ಹಿಡಿಯೋಕೇ ಅದಕ್ಕಿಂತ ಹೆಚ್ಚು ದಿನ ಬೇಕು."

ಅವಳ ಮಾತು ನಿಜವೆಂದು ಗೌರಿ ಹಬ್ಬಕ್ಕೆ ಎರಡು ವಾರ ಮುಂಚೆ ಗೊತ್ತಾಯಿತು. ಪುಟ ಸಿದ್ಧವಾಗಿತ್ತು. ಒಂದು ಕಟ್ಟು ಹಪ್ಪಳ 150 ರೂಪಾಯಿ, ಹಬ್ಬದ ರಿಯಾಯಿತಿ 20 ಕಳೆಯಬೇಕು. ಹೊರ ಊರಿನವರಾದರೆ ರಿಯಾಯಿತಿ ಇಲ್ಲ, ಕೊರಿಯರ್ 50 ಸೇರಬೇಕು. ರಿಯಾಯಿತಿ ಹಾಕಿ ನೋಡಿದೆ: 130. ಸರಿಯಾಗಿದೆ. ಸರಿಯಾಗಿದ್ದುದನ್ನು ಇನ್ನೊಮ್ಮೆ ನೋಡುವ ಅಭ್ಯಾಸ ನನಗಿಲ್ಲ. ನೆಂಟರಿಗೆಲ್ಲ ಕೊಂಡಿ ಕಳಿಸಿಬಿಟ್ಟೆ.

ಅರ್ಧ ಗಂಟೆಯಲ್ಲಿ ಮೈಸೂರಿನಿಂದ ನನ್ನಾಕೆಯ ದೊಡ್ಡಮ್ಮನ ಫೋನು. ಸ್ಪೀಕರಿನಲ್ಲಿತ್ತು. "ಏನೇ, ಒಂದು ಕಟ್ಟು ಹಪ್ಪಳಕ್ಕೆ ಹದಿನೈದು ಸಾವಿರದ ಐವತ್ತು ರೂಪಾಯಿ ತೋರಿಸ್ತಿದೆ! ಜರಿ ಅಂಚು ಹಾಕಿಸಿದೀಯಾ?"

ಆದದ್ದು ಇಷ್ಟು. ಪುಟದ ಪೆಟ್ಟಿಗೆಯಲ್ಲಿ ಬರೆದ 150 ನಮಗೆ ಅಂಕಿಯಾಗಿ ಕಂಡರೂ ಜಾವಾಸ್ಕ್ರಿಪ್ಟಿಗೆ ಅದು ಬರಿಯ ಅಕ್ಷರಗಳ ಸಾಲು. ಅದಕ್ಕೆ 50 ಕೂಡಿಸು ಎಂದರೆ ಕೂಡಿಸುವುದಿಲ್ಲ, ಹೂವಿಗೆ ಹೂವು ಕಟ್ಟಿದ ಹಾಗೆ ಪಕ್ಕಕ್ಕೆ ಪೋಣಿಸುತ್ತದೆ: 15050. ತಮಾಷೆ ಎಂದರೆ, ಕಳೆ ಎಂದರೆ ಮಾತ್ರ ತಾನಾಗಿಯೇ ಅಂಕಿಯೆಂದು ತಿಳಿದುಕೊಂಡು ಸರಿಯಾಗಿ ಕಳೆಯುತ್ತದೆ. ಕಳೆಯುವುದು ಬರುತ್ತದೆ, ಕೂಡಿಸುವುದು ಬರುವುದಿಲ್ಲ. ನನ್ನ ಸಂಬಳದ ಖಾತೆಯೂ 28 ವರ್ಷ ಹೀಗೇ ನಡೆಯಿತು. ಆದರೂ ಅವಮಾನ ಅವಮಾನವೇ. ಒಂದು ರೂಪಾಯಿ ತಾಳೆಯಾಗಲಿಲ್ಲವೆಂದು ರಾತ್ರಿ ಹತ್ತರವರೆಗೆ ಲೆಡ್ಜರು ತಿರುವಿಹಾಕಿದವನು, ಮನೆಯ ಹಪ್ಪಳದಲ್ಲಿ 14,850 ರೂಪಾಯಿ ತಪ್ಪಿದೆ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಕೋಬಾಲಿನಲ್ಲಿ ಈ ಗತಿ ಬರುತ್ತಿರಲಿಲ್ಲ ಎನ್ನುವುದು ಕತ್ತಲಲ್ಲಿ ಥಟ್ಟನೆ ಹೊಳೆಯಿತು. ಅಲ್ಲಿ ಒಳಗೆ ಬರುವ ಪ್ರತಿಯೊಂದರ ಜಾತಕವನ್ನೂ ಮೊದಲೇ ಬರೆದುಕೊಡಬೇಕು: 'ಪಿಕ್ 9' ಎಂದರೆ ಅಂಕಿ, 'ಪಿಕ್ ಎಕ್ಸ್' ಎಂದರೆ ಅಕ್ಷರ. ಇಪ್ಪತ್ತೈದು ವರ್ಷದ ಹಿಂದಿನ ಪಾಠ ಕಡೆಗೂ ಅರ್ಥವಾಯಿತು ಎಂಬ ಸಂತೋಷಕ್ಕೆ ನನ್ನಾಕೆಯನ್ನು ಎಬ್ಬಿಸಿ ಹೇಳಿದೆ. "ಫ್ರಿಜ್ಜಿನ ದುಡ್ಡು ಬಂತು ಅಂದ್ಕೊಳ್ಳಿ, ಮಲಗಿ" ಎಂದು ಮಗ್ಗುಲು ಬದಲಿಸಿದಳು.

ಒಂದೇ ಒಂದು ದಿನ ಮಾತ್ರ ಕ್ಲಾಸಿನಲ್ಲಿ ನನಗೆ ಮರ್ಯಾದೆ ಸಿಕ್ಕಿತು. ಎಲ್ಲ ಕೋರ್ಸುಗಳಲ್ಲೂ ಇರುವ ಒಂದು ಹಳೆಯ ಲೆಕ್ಕ: ಹಿಂದಿನಿಂದ ಓದಿದರೂ ಒಂದೇ ಆಗಿರುವ ಪದವನ್ನು ಗುರುತಿಸುವ ಪ್ರೋಗ್ರಾಮ್ ಬರೆಯಿರಿ. ಹುಡುಗರೆಲ್ಲ ಇಂಗ್ಲಿಷಿನಲ್ಲಿ ಮೇಡಮ್, ಮಲಯಾಳಂ ಹಾಕಿ ನೋಡಿ 'ನಿಜ' ಎಂಬ ಉತ್ತರ ಪಡೆದರು. ನಾನು ತೆನಾಲಿ ರಾಮಕೃಷ್ಣನನ್ನು ನೆನೆದು ಕನ್ನಡದಲ್ಲಿ 'ವಿಕಟಕವಿ' ಎಂದು ಹಾಕಿದೆ. 'ಸುಳ್ಳು' ಎಂದಿತು.

ಹಾವೇರಿ ಹುಡುಗ ಬೆರಳು ಮಡಿಸಿ ಎಣಿಸಿದ: ವಿ, ಕ, ಟ, ಕ, ವಿ. ಸರಿ ಇದೆ. ಗುರು ಬಂದು ನನ್ನ ಪ್ರೋಗ್ರಾಮ್ ನೋಡಿದ. ಅಪರೂಪಕ್ಕೆ ಅದೂ ಸರಿಯಿತ್ತು. ಪದವನ್ನು ತಿರುಗಿಸಿ ಪರದೆಯ ಮೇಲೆ ತೋರಿಸು ಎಂದಾಗ ಗುಟ್ಟು ಬಯಲಾಯಿತು. ಮೊದಲಿಗೆ ತಲೆಯಿಲ್ಲದ ಒಂದು ಗುಡಿಸು, ಚುಕ್ಕೆಚುಕ್ಕೆಯ ಸೊನ್ನೆಯ ಮೇಲೆ ಅನಾಥವಾಗಿ ಕೂತಿತ್ತು; ಆಮೇಲೆ 'ವಕಟಕಿವ'. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಜಾಗವಿದೆ. ಆದರೆ ಅಲ್ಲಿ 'ವಿ' ಎಂಬುದು ಒಂದಲ್ಲ, ಎರಡು: ವ ಒಂದು, ಗುಡಿಸು ಒಂದು. ನಮಗೆ ಐದಕ್ಷರದ ವಿಕಟಕವಿ ಕಂಪ್ಯೂಟರಿಗೆ ಏಳು ತುಂಡು. ತಿರುಗಿಸಿದಾಗ ಗುಡಿಸುಗಳು ತಮ್ಮ ವ ಬಿಟ್ಟು, ಸಿಕ್ಕವರ ತಲೆಯ ಮೇಲೆ ಹೋಗಿ ಕೂರುತ್ತವೆ.

ಗುರು ಅಂದು ಉತ್ತರ ಹೇಳದೆ ಮನೆಗೆ ಹೋಗಿ, ಮರುದಿನ 'ಸೆಗ್ಮೆಂಟರ್' ಎಂಬ ಸಲಕರಣೆ ಹಿಡಿದುಕೊಂಡು ಬಂದ. ಅದು ನಾವು ಓದುವ ಹಾಗೆ ಗುಡಿಸನ್ನು ವ ಜೊತೆಗೇ ಇಟ್ಟು ಕತ್ತರಿಸುತ್ತದೆ. ವಿಕಟಕವಿ ನಿಜವಾಯಿತು. ಕ್ಲಾಸು ಚಪ್ಪಾಳೆ ತಟ್ಟಿತು. ಮನೆಗೆ ಬಂದು ಅಮ್ಮನಿಗೆ ವಿವರವಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಕಾಗುಣಿತಾನೇ ಕಲಿಸದೆ ಅದಕ್ಕೆ ಅಷ್ಟೊಂದು ದುಡ್ಡು ಇಸ್ಕೋತಾರೇನೋ?" ಎಂದಳು.

ಹುಡುಗರ ಬಗ್ಗೆ ಒಂದು ಮಾತು ಹೇಳಬೇಕು. ನಾಲ್ವರಿಗೊಂದು ಕೋಣೆ, ಊರಿನಲ್ಲಿ ಅಪ್ಪ ಮಾಡಿದ ಸಾಲ, ದಿನಾ ಸಂಜೆ ಇಂಟರ್‌ವ್ಯೂ ಕರೆ ಬಂತೇ ಎಂದು ಒಬ್ಬರ ಮುಖ ಒಬ್ಬರು ನೋಡುವುದು. ಅವರಿಗೆ ಈ ಕೋರ್ಸು ಊಟ. ನನಗೆ ಹಪ್ಪಳ. ಇದು ಅರಿವಾದ ದಿನದಿಂದ ಮುಂದಿನ ಬೆಂಚು ಬಿಟ್ಟು ಹಿಂದೆ ಕೂತೆ. ನನ್ನ ಸಂದೇಹಗಳನ್ನು ಕ್ಲಾಸಿನ ಹೊತ್ತಿನಲ್ಲಿ ಕೇಳುವುದನ್ನೂ ನಿಲ್ಲಿಸಿದೆ. ಪಾಠ ಸ್ವಲ್ಪ ಬೇಗ ಸಾಗತೊಡಗಿತು ಎಂದು ಎಲ್ಲರೂ ಹೇಳಿದರು. ನನ್ನ ತಪ್ಪು ತಿದ್ದಿಕೊಟ್ಟದ್ದಕ್ಕೆ ಹಾವೇರಿಯವನಿಗೆ ಒಂದು ದಿನ ಕರಿದ ಹಪ್ಪಳ ಕಟ್ಟಿಸಿಕೊಂಡು ಹೋದೆ. ಪಿಜಿಯ ತಿಳಿಸಾರಿನ ಜೊತೆ ಅದನ್ನು ತಿಂದ ಹುಡುಗರು ಮರುದಿನ ದುಡ್ಡು ಹಿಡಿದುಕೊಂಡು ಬಂದರು. ಪಕ್ಕದ ಬ್ಯಾಚಿನವರು ಬಂದರು. ಕೌನ್ಸೆಲರ್ ಹುಡುಗಿ ಬಂದಳು. ಪಿಜಿ ಮಾಲಕಿಯೇ ನನ್ನಾಕೆಗೆ ಫೋನ್ ಮಾಡಿ ವಾರಕ್ಕೆ ಹತ್ತು ಕಟ್ಟು ಎಂದು ಗೊತ್ತುಮಾಡಿಕೊಂಡಳು. ಬ್ಯಾಗಿನಲ್ಲಿ ಲ್ಯಾಪ್‌ಟಾಪಿಗೆ ಜಾಗ ಸಾಲದೆ, ಎಷ್ಟೋ ದಿನ ಅದನ್ನು ಮನೆಯಲ್ಲೇ ಬಿಟ್ಟು ಕ್ಲಾಸಿಗೆ ಹೋದೆ. ಪಾಠಕ್ಕೆ ಅದರಿಂದ ವ್ಯತ್ಯಾಸವೇನೂ ಆಗಲಿಲ್ಲ.

ಕೋರ್ಸು ಮುಗಿಯುವ ವಾರ ಮಗಳು ಹಾಸ್ಟೆಲಿನಿಂದ ಬಂದಳು. ಬಿಎಸ್ಸಿ ಕೃಷಿ ಓದುತ್ತಾಳೆ. ಇಡೀ ಬೆಂಗಳೂರಿನಲ್ಲಿ ಕಂಪ್ಯೂಟರ್ ಬೇಡ ಎಂದು ಬದನೆ, ರಾಗಿಯ ಕಡೆ ಹೋದ ಹುಡುಗಿ. ನನ್ನ ಪುಟ ನೋಡಿ, "ಚೆನ್ನಾಗಿದೆ ಅಪ್ಪ" ಎಂದಳು. ಆಮೇಲೆ ಊಟಕ್ಕೆ ತಟ್ಟೆ ಹಾಕುವಷ್ಟರಲ್ಲಿ, ಫೋನಿನಲ್ಲಿ ಕೃತಕ ಬುದ್ಧಿಮತ್ತೆಗೆ ಎರಡು ಸಾಲು ಹೇಳಿ, ಹಪ್ಪಳದ ಇನ್ನೊಂದು ಪುಟ ಮಾಡಿಸಿ ತೋರಿಸಿದಳು. ರೇಟು, ಫೋನ್ ನಂಬರು, ಫೋಟೋ. ನಾನು ಕನ್ನಡಕ ಹಾಕಿಕೊಂಡು ತಪ್ಪು ಹುಡುಕಿದೆ. 150ಕ್ಕೆ 50 ಕೂಡಿಸಿದರೆ 200 ಬಂತು. ಕಲರಿನಲ್ಲಿ ಯು ಇರಲಿಲ್ಲ. ಸುದ್ದಿ ಕೇಳಿದ ಭಾವಮೈದ ಫೋನಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಜಾವಾ ಮುಟ್ಟಬೇಡಿ ಅಂದಿದ್ದೆ. ನೀವು ಇಡೀ ಕಸುಬಿಗೇ ಕೈ ಹಾಕಿಬಿಟ್ರಲ್ಲ ಭಾವ" ಎಂದ.

ಸರ್ಟಿಫಿಕೇಟು ಬಂತು. ಬೀರುವಿನಲ್ಲಿ ಅದಕ್ಕೊಂದು ಜಾಗ ಮಾಡೋಣವೆಂದು ನೋಡಿದರೆ ಎಲ್ಐಸಿ ಬಾಂಡುಗಳ ಕೆಳಗೆ ಹಳೆಯ ಎರಡೂ ಇಲ್ಲ. ಗಾಬರಿಯಾಗಿ ಕೇಳಿದೆ. ನನ್ನಾಕೆ ಅಡುಗೆಮನೆಯಿಂದಲೇ, "ಇಲ್ಲಿವೆ, ಬನ್ನಿ" ಎಂದಳು. ಹಪ್ಪಳ ಒತ್ತುವ ಮಣೆಯ ಮೇಲೆ ಕೋಬಾಲ್, ಅದರ ಮೇಲೆ ಹಲಸಿನ ಹಿಟ್ಟಿನ ಉಂಡೆ, ಉಂಡೆಯ ಮೇಲೆ ಫ್ಲ್ಯಾಶ್. ಒತ್ತಿ ಎತ್ತಿದರೆ ದುಂಡಗೆ, ತೆಳ್ಳಗೆ, ಅಂಟದೆ ಬಿಟ್ಟುಕೊಳ್ಳುತ್ತಿತ್ತು. ಎಂಟು ತಿಂಗಳಿಂದ ಹೀಗೇ ಅಂತೆ.

"ಮಾಮೂಲಿ ಪ್ಲಾಸ್ಟಿಕ್ ಹಾಳೆ ಸುಕ್ಕಾಗುತ್ತೆ ಕಣ್ರೀ. ಆಗಿನ ಕಾಲದ ಲ್ಯಾಮಿನೇಷನ್ ಗಟ್ಟಿ. ಈಗ ಆರ್ಡರ್ ಜಾಸ್ತಿಯಾಗಿದೆ, ಇನ್ನೊಂದು ಮಣೆ ತರಿಸಿದೀನಿ" ಎಂದು ನನ್ನ ಕೈಯ ಹೊಸ ಸರ್ಟಿಫಿಕೇಟನ್ನು ತಗೊಂಡು, ಮೂಲೆ ಹಿಡಿದು ಅಳತೆ ನೋಡಿದಳು. "ಇದು ಸ್ವಲ್ಪ ದೊಡ್ಡದಿದೆ. ಒಳ್ಳೇದೇ ಆಯ್ತು."

ಸಂಜೆ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವನು ಸರ್ಟಿಫಿಕೇಟನ್ನೂ ನನ್ನನ್ನೂ ಎರಡೆರಡು ಸಲ ನೋಡಿ, "ಮಗಂದಾ ಸಾರ್? ಗೋಡೆಗೆ ನೇತುಹಾಕೋ ಹಾಗೆ ಮಾಡ್ಕೊಡ್ಲಾ?" ಎಂದ.

"ಬೇಡಪ್ಪ. ಇರೋದ್ರಲ್ಲಿ ದಪ್ಪ ಹಾಳೆ ಹಾಕು. ಮೂಲೆ ಮಾತ್ರ ದುಂಡಗೆ ಕತ್ತರಿಸಬೇಕು" ಎಂದೆ. "ಚೂಪಾಗಿದ್ರೆ ಹಪ್ಪಳ ಹರಿಯುತ್ತೆ."